ಗಟ್ಟಿಯಾಗಿ ಹೇಳು

ಅಜ್ಜಿಗೆ ಕಿವಿ ಮಂದವಾದ ಮೇಲೆ ಆ ಮನೆಯಲ್ಲಿ ಗುಟ್ಟು ಎನ್ನುವುದು ಉಳಿದಿರಲಿಲ್ಲ. ಬೀದಿಯವರೆಲ್ಲ ಮೇಡಂ ಎಂದೇ ಕರೆಯುತ್ತಿದ್ದ ಅವಳ ಸೊಸೆ, ಆಸ್ಪತ್ರೆಯಿಂದ ಬಂದ ದಿನ ವಿಷಯವನ್ನು ಊಟದ ಹೊತ್ತಿಗೆ ಮೆಲ್ಲಗೆ ಹೇಳಿ ಮುಗಿಸಬೇಕೆಂದುಕೊಂಡಿದ್ದಳು. ಗಂಡನಿಗೂ ಮಗಳಿಗೂ ಹೇಳಿಯೂ ಆಗಿತ್ತು. ಗಂಡ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದ. ಮಗಳು ಫೋನನ್ನು ಬೋರಲು ಹಾಕಿದಳು. ಅಜ್ಜಿ ಇಬ್ಬರ ಮುಖವನ್ನೂ ನೋಡಿ, ಸೊಸೆಯ ಕಡೆ ತಿರುಗಿದಳು.

“ಏನಂತೆ?”

“ಏನಿಲ್ಲ ಅತ್ತೆ. ಊಟ ಮಾಡಿ.”

“ಏನಿಲ್ಲದಿದ್ರೆ ಇವನ್ಯಾಕೆ ಹೀಗೆ ಕೂತಿದಾನೆ? ಗಟ್ಟಿಯಾಗಿ ಹೇಳು.”

“ಬಾಯಲ್ಲಿ ಗಂಟು ಇದೆಯಂತೆ.”

“ಗಂಟಾ? ಯಾರದು ಗಂಟು? ಯಾರು ಬಿಟ್ಟು ಹೋದರು?”

“ಕ್ಯಾನ್ಸರ್ ಅತ್ತೆ! ನನಗೆ! ಬಾಯಲ್ಲಿ ಕ್ಯಾನ್ಸರ್!”

ಪಕ್ಕದ ಮನೆಯ ಟೀವಿಯ ಸದ್ದು ತಟ್ಟನೆ ಇಳಿಯಿತು. ಎದುರು ಮನೆಯ ಕಿಟಕಿ ತೆರೆಯಿತು. ಅಜ್ಜಿ ಸೊಸೆಯ ಬಾಯನ್ನೇ ಒಂದು ಕ್ಷಣ ದಿಟ್ಟಿಸಿದಳು.

“ನಿನ್ನ ಬಾಯಿಗಾ? ನಿನ್ನ ಬಾಯಿಗೆ ಬರೋಕೆ ಅದಕ್ಕೆಷ್ಟು ಧೈರ್ಯ!”

ಮೇಡಂಗೆ ನಗು ತಡೆಯಲಾಗಲಿಲ್ಲ. ಗಂಡ ಮಾತ್ರ ಕೈ ತೊಳೆಯಲು ಎದ್ದವನು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತ.

ಅವಳು ಕಾರು ಓಡಿಸುವುದನ್ನು ಕಲಿಸುವವಳು. ಮನೆಯ ಮುಂದಿನ ಕೋಣೆಯೇ ಡ್ರೈವಿಂಗ್ ಸ್ಕೂಲಿನ ಆಫೀಸು. ಗೇಟಿನ ಬಳಿ ನಿಲ್ಲುವ ಬಿಳಿ ಕಾರಿನ ನೆತ್ತಿಯ ಮೇಲೆ ಕೆಂಪು ಅಕ್ಷರದ ಬೋರ್ಡು. ಕಲಿಯುವವರ ಕಾಲ ಬಳಿ ಇರುವ ಕ್ಲಚ್ಚು, ಬ್ರೇಕುಗಳ ಜೊತೆಗೆ ಅವಳ ಕಾಲ ಬಳಿಯೂ ಒಂದು ಜೊತೆ. ಆದರೆ ಅವುಗಳನ್ನು ಅವಳು ಒತ್ತುತ್ತಿದ್ದುದು ಕಡಿಮೆ, ಬಾಯಿಯೇ ಸಾಕಾಗುತ್ತಿತ್ತು. ಅವಳ ಬೈಗುಳಕ್ಕೆ ಅತ್ತವರೆಲ್ಲ ಮೊದಲನೇ ಸಲಕ್ಕೇ ಟೆಸ್ಟ್ ಪಾಸಾಗಿದ್ದರು. ಬೇಕರಿಯವಳು, ನರ್ಸುಗಳು, ವಯಸ್ಸಾದ ಮೇಲೆ ಆಸೆ ಹುಟ್ಟಿದ ಮೇಷ್ಟ್ರು, ಯಾರೇ ಆಗಲಿ, ಅವಳಿಗೆ ಎಲ್ಲರೂ “ಏಯ್, ಕನ್ನಡಿ ನೋಡು!” ಅಷ್ಟೇ. ಗಂಡ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುವವನು. ದಿನವಿಡೀ ಅಂಟು, ದಾರ, ಕಾಗದಗಳ ನಡುವೆ ಇದ್ದು ಮಾತೇ ಮರೆತವನ ಹಾಗೆ ಮನೆಗೆ ಬರುತ್ತಿದ್ದ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಾತಿನ ಲೆಕ್ಕದಲ್ಲಿ ಆ ಮನೆಯಲ್ಲಿ ಮೇಡಂಗೆ ಸರಿಸಾಟಿ ಎಂದರೆ ಅತ್ತೆ ಒಬ್ಬಳೇ. ಉಪ್ಪಿನ ಡಬ್ಬಿ ಎಲ್ಲಿಡಬೇಕೆನ್ನುವುದರಿಂದ ಹಿಡಿದು ಮಗಳ ಮದುವೆಯವರೆಗೆ ಇಬ್ಬರೂ ಒಂದು ದಿನವೂ ಬಿಡದೆ ಜಗಳವಾಡಿದ್ದರು.

ಬಾಯಲ್ಲಿದ್ದ ಗಂಟು ನೋಯುತ್ತಿರಲಿಲ್ಲ. ಬಿಸಿ ಕಾಫಿ ಸುಟ್ಟು ಊದಿರಬೇಕೆಂದು ತಿಂಗಳುಗಟ್ಟಲೆ ನಾಲಿಗೆಯಿಂದ ಸವರುತ್ತಾ ಕಾಲ ಕಳೆದಿದ್ದಳು. ಹುಳುಕು ಹಲ್ಲು ತೋರಿಸಲು ಹೋದಾಗ ಹಲ್ಲಿನ ಡಾಕ್ಟರು ಅದನ್ನು ಮುಟ್ಟಿ ನೋಡಿ, ಹಲ್ಲಿನ ಮಾತನ್ನೇ ಬಿಟ್ಟುಬಿಟ್ಟರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ದೊಡ್ಡ ಆಸ್ಪತ್ರೆ, ಸ್ಕ್ಯಾನು, ಆಪರೇಷನ್ ಮಾಡುವ ಡಾಕ್ಟರಮ್ಮ.

“ಅಂಗುಳದಲ್ಲಿ ಸಣ್ಣ ಸಣ್ಣ ಜೊಲ್ಲಿನ ಗ್ರಂಥಿಗಳಿರ್ತವೆ. ಇದು ಅದರಲ್ಲಿ ಹುಟ್ಟಿದ್ದು. ಬಹಳ ಅಪರೂಪ,” ಎಂದರು ಡಾಕ್ಟರಮ್ಮ.

“ಅಪರೂಪದ್ದು ನನಗೇ ಯಾಕೆ? ಲಾಟರಿ ಒಂದಿನಾನೂ ಹೊಡೀಲಿಲ್ಲ.”

“ಯಾಕೆ ಅಂತ ನನಗೂ ಹೇಳೋಕಾಗಲ್ಲ. ನೀವು ಮಾಡಿದ ತಪ್ಪಿಂದ ಬಂದಿದ್ದಲ್ಲ, ಅಷ್ಟು ಹೇಳಬಲ್ಲೆ. ಅಂಗುಳದ ಒಂದು ಭಾಗ ತೆಗೀಬೇಕು. ಆ ಕಡೆಯ ಮೇಲಿನ ಹಲ್ಲುಗಳೂ ಹೋಗ್ತವೆ. ಬಾಯಿಗೂ ಮೂಗಿಗೂ ನಡುವೆ ಕಿಂಡಿ ಆಗುತ್ತೆ. ಅದನ್ನ ಮುಚ್ಚೋಕೆ ಹಲ್ಲಿನ ಸೆಟ್ಟಿನ ಥರದ್ದೊಂದು ಪ್ಲೇಟ್ ಮಾಡಿಸ್ತೀವಿ.”

“ಮಾತು?”

“ಮೊದಮೊದಲು ಎಲ್ಲಾ ಮೂಗಲ್ಲೇ ಬರುತ್ತೆ. ಪ್ಲೇಟ್ ಸರಿಯಾಗಿ ಕೂತು, ಅಭ್ಯಾಸ ಆದರೆ ಸುಧಾರಿಸುತ್ತೆ. ಮೊದಲಿನ ಹಾಗೇ ಆಗುತ್ತೆ ಅಂತ ನಾನು ಹೇಳಲ್ಲ.”

“ನಾನು ಬಾಯಿಂದ ಬದುಕೋಳು ಡಾಕ್ಟ್ರೇ.”

“ನೀವು ಬದುಕಬೇಕು ಅಂತಲೇ ತೆಗೀತಿರೋದು.”

ತಿರುಗಿ ಉತ್ತರ ಕೊಡುವವರನ್ನು ಕಂಡರೆ ಮೇಡಂಗೆ ಮೊದಲಿನಿಂದಲೂ ಗೌರವ. “ಹಾಗಾದ್ರೆ ತೆಗೀರಿ,” ಎಂದು ಎದ್ದಳು.

ಮನೆಗೆ ಬಂದ ಮೇಲೆ ಮಗಳು ಯಜಮಾನಿಕೆ ವಹಿಸಿಕೊಂಡಳು. “ನಾಳೆಯಿಂದ ಕಾರು ಹೊರಗೆ ತೆಗೀಬೇಡ. ನೀನು ರೆಸ್ಟ್ ತಗೋ.”

“ಆಪರೇಷನ್ ಮುಂದಿನ ವಾರ. ಅಲ್ಲೀತನಕ ಮೂಲೇಲಿ ಕೂತು ಗೋಡೆ ನೋಡ್ಲಾ? ಬೇಕರಿಯವಳಿಗೆ ಇನ್ನೂ ರಿವರ್ಸ್ ಬರಲ್ಲ.”

“ಅಮ್ಮ, ನಿನಗೆ ಬಂದಿರೋದು ನೆಗಡಿ ಅಲ್ಲ!”

“ನೆಗಡಿ ಬಂದಿದ್ರೆ ರೆಸ್ಟ್ ತಗೋತಿದ್ದೆ.”

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆಯವರೆಗೂ ಬೀದಿಯಲ್ಲಿ ಅವಳ ಕೂಗು ಕೇಳುತ್ತಿತ್ತು. ಆವತ್ತು ಬೇಕರಿಯವಳು ರಿವರ್ಸಿನಲ್ಲಿ ಗೇಟಿಗೆ ಗುದ್ದಿದಾಗ ಬೈದ ಬೈಗುಳ ಎಂದಿಗಿಂತ ಉದ್ದವಾಗಿತ್ತು ಎಂದು ಎದುರು ಮನೆಯವರು ಆಮೇಲೆ ಹೇಳಿದರು.

ಆಪರೇಷನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ದಾಟಿತು. ಎಚ್ಚರವಾದಾಗ ಮೇಡಂಗೆ ತನ್ನ ಮುಖ ಬೇರೆ ಯಾರದ್ದೋ ಅನ್ನಿಸಿತು. ಕೆನ್ನೆ ಊದಿತ್ತು. ಮೂಗಿನಲ್ಲಿ ನಳಿಕೆ, ಬಾಯಿ ತುಂಬ ಅಂಟುಪಟ್ಟಿ ಮೆತ್ತಿದಂಥ ಭಾರ. ನರ್ಸು ಒಂದು ಪ್ಯಾಡನ್ನೂ ಪೆನ್ನನ್ನೂ ಕೈಗಿತ್ತು, ಬೇಕಾದ್ದನ್ನು ಬರೆದು ತೋರಿಸಿ ಎಂದಳು.

ಮಾರನೇ ದಿನ ಅಜ್ಜಿ ಬಂದಳು. ಮೇಡಂ ಬರೆದ ಚೀಟಿಯನ್ನು ತಲೆಕೆಳಗು ಹಿಡಿದು ನೋಡಿ ಹಾಸಿಗೆಯ ಮೇಲೆ ಎಸೆದಳು.

“ಚೀಟಿ ಕೊಡೋಕೆ ನಾನೇನು ದಿನಸಿ ಅಂಗಡಿಯವಳಾ? ನನ್ನ ಕಡೆ ತಿರುಗಿ ಹೇಳು.”

“ಅಜ್ಜಿ, ಅಮ್ಮಂಗೆ ಮಾತಾಡೋಕೆ ಆಗಲ್ಲ!” ಎಂದು ಮಗಳು ಕಿವಿಯ ಬಳಿ ಕೂಗಿದಳು.

“ನನಗೆ ಕೇಳೋಕೂ ಆಗಲ್ಲ. ಸರಿ ಹೋಯ್ತಲ್ಲ.”

ಮೇಡಂ ಸದ್ದಿಲ್ಲದೆ ತುಟಿ ಆಡಿಸಿದಳು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, “ಹಾಲು ಉಕ್ಕಿಸಿದ್ದು ಮೊನ್ನೆ. ಇವತ್ತು ಸರಿಯಾಗೇ ಕಾಯಿಸಿಟ್ಟು ಬಂದಿದೀನಿ. ನಿನ್ನ ಒಲೆಗೆ ಏನೂ ಆಗಿಲ್ಲ,” ಎಂದಳು.

ಮಗಳು ಬೆರಗಾದಳು. “ನಿಂಗೆ ಹೇಗೆ ಗೊತ್ತಾಯ್ತು?”

“ತುಟಿಗೇನೂ ಆಪರೇಷನ್ ಆಗಿಲ್ವಲ್ಲೇ ಪುಟ್ಟಿ. ಇಷ್ಟು ವರ್ಷ ನಾನು ಇವಳ ತುಟಿ ನೋಡ್ಕೊಂಡೇ ಜಗಳ ಆಡಿದ್ದು.”

ಕೆಲವು ದಿನಗಳ ನಂತರ ಡಾಕ್ಟರಮ್ಮ ಆಪರೇಷನ್ ಹೊತ್ತಿನಲ್ಲಿ ಇಟ್ಟಿದ್ದ ಪ್ಲೇಟನ್ನು ತೆಗೆದು, ಕೈಗನ್ನಡಿ ಕೊಟ್ಟರು. “ನೋಡಲೇಬೇಕು ಅಂತಿಲ್ಲ,” ಎಂದರು. ಮೇಡಂ ಸನ್ನೆ ಮಾಡಿ ಟಾರ್ಚು ಕೇಳಿದಳು. ಬಾಯಿ ಅಗಲಿಸಿದಷ್ಟೂ ನೋಯುತ್ತಿತ್ತು. ಅಂಗುಳ ಇದ್ದಲ್ಲಿ ಒದ್ದೆಯಾದ ಕೆಂಪು ಗುಂಡಿ; ಅದರಾಚೆ ಕತ್ತಲು. ಸೂರಿನ ಹೆಂಚು ಕಿತ್ತುಹಾಕಿದ ಮನೆಯೊಳಗೆ ನಿಂತಂತೆ ಅವಳಿಗೆ ದಿಗಿಲಾಯಿತು. ಗಂಡ ಕನ್ನಡಿ ಕಸಿಯಲು ಬಂದ. ಅವನ ಕೈಯನ್ನು ತಳ್ಳಿ, ಪೂರ್ತಿ ನೋಡಿ ಮುಗಿಸಿದ ಮೇಲೆಯೇ ಅವಳು ಟಾರ್ಚು ಆರಿಸಿದ್ದು. ಆಮೇಲೆ ಪ್ಯಾಡು ಎಳೆದುಕೊಂಡು ಬರೆದಳು: ‘ಇದನ್ನ ಹಾಕೋದು ತೆಗೆಯೋದು ನಾನೇ ಕಲೀಬೇಕು. ತೋರಿಸಿ.’

ಮನೆಗೆ ಬಂದ ಮೇಲೆ ಶುರುವಾದದ್ದು ಬೇರೆಯೇ ಪೀಕಲಾಟ. ಹೊಸ ಪ್ಲೇಟು ಇನ್ನೂ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯೆಲ್ಲ ಮೂಗಿಗೆ ನುಗ್ಗಿ, ಅವಳು ಆಡುವ ಮಾತಿನಲ್ಲಿ ಬ ಹೋಗಿ ಮ ಆಗುತ್ತಿತ್ತು, ಡ ಹೋಗಿ ಣ ಆಗುತ್ತಿತ್ತು. ಮೊದಲ ದಿನ ಗಂಡ ಗಂಜಿಯ ಬಟ್ಟಲು ಹಿಡಿದು ಬಂದಾಗ ಅವಳು, “ಮೇಣ, ಮೇಣ,” ಎಂದಳು. ಅವನು ಬಟ್ಟಲು ಕೆಳಗಿಟ್ಟು ಮನೆಯೆಲ್ಲ ಜಾಲಾಡಿ ಮೇಣದಬತ್ತಿ ಹುಡುಕಿ ತಂದ.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಬೇಡ ಅಂತಿದಾಳೆ ಕಣೋ! ಕರೆಂಟ್ ಹೋದಂಗೆ ಬತ್ತಿ ತಂದಿದೀಯಲ್ಲ!”

“ನಗಬೇಡಮ್ಮ,” ಎಂದು ಅವನು ಅಪರೂಪಕ್ಕೆ ಗದರಿದ.

“ನಾನು ನಗದಿದ್ರೆ ಇಲ್ಲಿ ಯಾರು ನಗ್ತಾರೆ? ಮೂರು ಜನ ಮುಖ ಊದಿಸ್ಕೊಂಡು ಕೂತಿದೀರಿ. ಅವಳದ್ದು ಆಪರೇಷನ್ ಆಗಿ ಊದಿದೆ. ನಿಮಗೇನಾಗಿದೆ?”

ಮೇಡಂ ಹಾಸಿಗೆಯಿಂದಲೇ ಕೂಗಿದಳು. ಏನು ಕೂಗಿದಳೆಂದು ಗಂಡನಿಗೆ ತಿಳಿಯಲಿಲ್ಲ. ಅಜ್ಜಿಗೆ ತಿಳಿಯಿತು. “ಸುಮ್ನಿರಬೇಕಂತೆ ನಾನು. ನೀನೇ ಸುಮ್ನಿರು! ಗಂಜಿ ಕುಡಿ ಮೊದಲು!”

ಅಂದಿನಿಂದ ಅಜ್ಜಿ ದುಭಾಷಿಯಾದಳು. ಆದರೆ ನಂಬಿಕಸ್ತ ದುಭಾಷಿಯಲ್ಲ. ಸೊಸೆ ಸಾಕು ಎಂದರೆ “ಇನ್ನೊಂದು ಸೌಟು ಹಾಕಬೇಕಂತೆ” ಎನ್ನುವಳು. ಸಿಟ್ಟಿಗೆದ್ದ ಮೇಡಂ ಅದೇ ಮಾತನ್ನು ಮಗಳ ಕಡೆ ತಿರುಗಿ ಮತ್ತೆ ಮತ್ತೆ, ಬಿಡಿಸಿ ಬಿಡಿಸಿ ಹೇಳಬೇಕಾಗುತ್ತಿತ್ತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳು ದಿನಾ ಗಟ್ಟಿಯಾಗಿ ಓದಿ ಎಂದು ಹಾಳೆಗಳನ್ನು ಕೊಟ್ಟು ಕಳಿಸಿದ್ದಳು. ಅವನ್ನು ಮೇಡಂ ಓದಿದಳು ನಿಜ. ಆದರೆ ಅವಳ ಬಾಯಿಗೆ ಕಸುವು ಬಂದದ್ದು ಅತ್ತೆಯ ಸುಳ್ಳುಗಳನ್ನು ತಿದ್ದಿ ತಿದ್ದಿ.

ಊಟವನ್ನು ಮಾತ್ರ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಮಾಡುತ್ತಿದ್ದಳು. ನುಂಗಿದ್ದರಲ್ಲಿ ಒಂದಿಷ್ಟು ಮೂಗಿನಿಂದ ಇಳಿಯುತ್ತಿತ್ತು. ಒರೆಸಿಕೊಳ್ಳಲು ಟವೆಲು, ಉಗುಳಲು ಬೋಗುಣಿ, ಆಮೇಲೆ ಪ್ಲೇಟು ತೊಳೆಯುವುದು. ಆ ಕೆಲಸವನ್ನು ಗಂಡ ವಹಿಸಿಕೊಂಡಿದ್ದ. ಹಳೇ ಪುಸ್ತಕದ ಹಾಳೆ ಬಿಡಿಸುವ ಬೆರಳುಗಳಿಂದ ಪ್ಲೇಟನ್ನು ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ ಕೊಡುತ್ತಿದ್ದ. ಒಂದು ಮಧ್ಯಾಹ್ನ ಅಜ್ಜಿ ಬಂದು, ಸೊಸೆ ಬಾಗಿಲು ತೆರೆಯುವ ತನಕ ಬಡಿದಳು.

“ಹೊರಗೆ ಬಂದು ಕೂತು ಉಣ್ಣು. ನಮ್ಮನ್ನ ಕಂಡರೆ ನಾಚಿಕೆಯಾ?”

“ಮೂಗಲ್ಲಿ ಬರುತ್ತೆ ಅತ್ತೆ. ನೀವು ಉಣ್ಣೋಕಾಗಲ್ಲ.”

“ನನ್ನ ಹಲ್ಲಿನ ಸೆಟ್ಟು ಬೀಗರ ಮುಂದೆ ತಟ್ಟೆಗೆ ಬಿದ್ದಾಗ ನೀನು ಎದ್ದು ಹೋದ್ಯಾ? ಕೂತು ನಕ್ಕೆ. ಈಗ ನನ್ನ ಸರದಿ. ಬಾ.”

ಅವಳು ಟವೆಲು ಹೆಗಲಿಗೆ ಹಾಕಿಕೊಂಡು ಬಂದಳು. ಮೊದಲ ತುತ್ತಿಗೇ ಮೊಸರನ್ನ ಮೂಗಿಗೇರಿ ಕೆಮ್ಮು ಬಂತು. ಮಗಳು ತಲೆ ತಗ್ಗಿಸಿದಳು. ಅಜ್ಜಿ ನಗಲಿಲ್ಲ, ನೀರಿನ ಲೋಟವನ್ನು ಸೊಸೆಯ ಕಡೆ ಸರಿಸಿ, “ತಲೆ ಸ್ವಲ್ಪ ಆ ಕಡೆ ವಾಲಿಸಿ ನುಂಗು,” ಎಂದು ತನ್ನ ಪಾಡಿಗೆ ಉಣ್ಣುತ್ತಾ ಹೋದಳು. ಮೇಡಂ ತಲೆ ವಾಲಿಸಿ ನುಂಗಿದಳು. ಎರಡನೇ ಸಲ ಬಡಿಸಿಕೊಂಡಳು.

ತೆಗೆದ ಭಾಗದ ರಿಪೋರ್ಟು ಬಂತು. ಅಂಚುಗಳಲ್ಲಿ ರೋಗ ಉಳಿದಿಲ್ಲ, ಕರೆಂಟು, ಅಂದರೆ ರೇಡಿಯೇಷನ್, ಕೊಡುವ ಅಗತ್ಯವಿಲ್ಲ, ಆದರೆ ವರ್ಷಗಟ್ಟಲೆ ತಪಾಸಣೆಗೆ ಬರುತ್ತಿರಬೇಕು ಎಂದರು ಡಾಕ್ಟರಮ್ಮ. ಗಂಡ ಆವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಮೇಡಂ ಅವನ ಪಕ್ಕ ಕೂತಳು. “ಬಿಡಿ ರೀ, ಜನ ನಾನು ಬೈದೆ ಅಂದ್ಕೋತಾರೆ,” ಎಂದಳು. ಪೂರ್ತಿ ಅರ್ಥವಾಗದಿದ್ದರೂ ಅವನು ಅಳುತ್ತಲೇ ನಕ್ಕ.

ಸುದ್ದಿ ತಿಳಿದು ಗಂಡನ ಅಕ್ಕ ನೋಡಲು ಬಂದಳು. ಮೇಡಂ ಎದುರಿಗೇ ಕುರ್ಚಿಯಲ್ಲಿ ಕೂತಿದ್ದರೂ ಅವಳು ತಾಯಿಯ ಪಕ್ಕ ಕೂತು, ತಾಯಿಯ ಕಿವಿಗೇ ಬಾಯಿಟ್ಟು ವಿಚಾರಿಸತೊಡಗಿದಳು.

“ಊಟ ಮಾಡ್ತಾಳೇನಮ್ಮ? ನಿದ್ದೆ ಬರುತ್ತಾ ಇವಳಿಗೆ?” ಆಮೇಲೆ, ತಾನು ಪಿಸುಗುಟ್ಟುತ್ತಿದ್ದೇನೆಂದುಕೊಂಡು: “ತಂಬಾಕು ಗಿಂಬಾಕು ಅಗೀತಿದ್ಲಾ, ಯಾರಿಗೂ ಗೊತ್ತಾಗದ ಹಾಗೆ? ಸುಮ್ನೆ ಬರಲ್ವಂತೆ ಇದು. ಆ ಕಾರನ್ನಾದರೂ ಮಾರಿಬಿಡಿ. ಇನ್ನು ಇವಳ ಕೈಲಿ ಏನಾಗುತ್ತೆ?”

ಮಗಳು ಅಡುಗೆಮನೆಯಿಂದ ಧಾವಿಸಿ ಬಂದಳು. ಗಂಡ “ಅಕ್ಕಾ...” ಎಂದು ಬಾಯಿ ತೆರೆದ. ಅಜ್ಜಿ ಕೈಯೆತ್ತಿ ಇಬ್ಬರನ್ನೂ ತಡೆದಳು.

“ನನ್ನನ್ಯಾಕೆ ಕೇಳ್ತೀಯ? ಎದುರಿಗೇ ಕೂತಿದಾಳೆ. ಅವಳನ್ನೇ ಕೇಳು.”

“ಅವಳು ಹೇಳೋದು ನಂಗೆ ತಿಳಿಯಲ್ವಲ್ಲಮ್ಮ. ನೀನೇ ಹೇಳು.”

“ನಾನು ಹೇಳಲ್ಲ. ಬಾಯಿಲ್ವಾ ಅವಳಿಗೆ?”

ಮೇಡಂ ನಾಲಿಗೆಯಿಂದ ಪ್ಲೇಟನ್ನು ಮೇಲಕ್ಕೊತ್ತಿ ಸರಿಮಾಡಿಕೊಂಡಳು. ಒಂದೊಂದೇ ಮಾತನ್ನು ಇಟ್ಟಿಗೆ ಜೋಡಿಸುವ ಹಾಗೆ ಜೋಡಿಸಿದಳು.

“ಊಟ ಮಾಡ್ತೀನಿ. ನಿದ್ದೆ ಬರುತ್ತೆ. ತಂಬಾಕು ಮುಟ್ಟಿಲ್ಲ. ಮುಟ್ಟಿದ್ರೂ ನಿಮ್ಮ ಅಪ್ಪಣೆ ಕೇಳಬೇಕಿರಲಿಲ್ಲ. ಕಾರು ನನ್ನದು.”

ಗಂಡನ ಅಕ್ಕ ಕೆಂಪಾದಳು. “ಏನೋ ಕಾಳಜಿಗೆ ಕೇಳಿದೆ...”

“ಕಾಳಜಿ ಇದ್ರೆ ನನ್ನ ಮುಖ ನೋಡಿ ಕೇಳಿ. ಕಾಫಿ ಕುಡೀತೀರಾ?”

ಅಷ್ಟೂ ತಿಳಿಯಿತು. ಅವಳು ಕಾಫಿ ಕುಡಿದೇ ಹೋದಳು.

ಇನ್ನೊಂದು ಜಗಳ ಬಾಕಿ ಇತ್ತು. ಅದು ಮಗಳ ಜೊತೆಗೆ. ಬೀದಿಯಲ್ಲಿ ಸಿಕ್ಕ ಬೇಕರಿಯವಳು ಮುಜುಗರಪಡುತ್ತಾ, “ಸ್ಕೂಲ್ ಮುಚ್ಚಿದ್ರಂತಲ್ಲ ಮೇಡಂ? ನಿಮ್ಮ ಮಗಳು ಫೋನ್ ಮಾಡಿ ಬೇರೆ ಕಡೆ ಸೇರ್ಕೊಳ್ಳಿ ಅಂದ್ರು,” ಎಂದಿದ್ದಳು. ಸಂಜೆ ಮಗಳು ಚಪ್ಪಲಿ ಬಿಡುವುದಕ್ಕೂ ಮೇಡಂ ಪುರುಸೊತ್ತು ಕೊಡಲಿಲ್ಲ.

“ಯಾರನ್ನ ಕೇಳಿ ಮುಚ್ಚಿದೆ?”

“ಯಾರನ್ನ ಕೇಳಬೇಕಿತ್ತು? ನೀನು ಮೂಗಲ್ಲಿ ನಳಿಕೆ ಹಾಕ್ಕೊಂಡು ಮಲಗಿದ್ದೆ!”

“ಈಗ ಎದ್ದಿದೀನಲ್ಲ. ಎಲ್ಲರಿಗೂ ಮತ್ತೆ ಫೋನ್ ಮಾಡು. ಸೋಮವಾರದಿಂದ ಶುರು.”

“ಅಮ್ಮ, ನೀನು ಬಲಕ್ಕೆ ಅಂದರೆ ಮಲಕ್ಕೆ ಅಂತ ಕೇಳುತ್ತೆ! ಬ್ರೇಕ್ ಅಂದಾಗ ಅವರಿಗೆ ಅರ್ಥ ಆಗದೇ ಹೋದರೆ?”

“ನನ್ನ ಕಾಲ ಕೆಳಗೂ ಬ್ರೇಕ್ ಇದೆ. ಸಾಯೋದಾದರೆ ಕಾರಲ್ಲೇ ಸಾಯ್ತೀನಿ, ಕೋಣೇಲಲ್ಲ!”

“ಆ ಕಾರಲ್ಲಿ ನಿನ್ನ ಪಕ್ಕ ಇನ್ನೊಬ್ಬರ ಮಗಳೂ ಇರ್ತಾಳೆ!”

ಮಗಳ ಕಣ್ಣು ತುಂಬಿತ್ತು. “ಸಾಯ್ತೀನಿ ಸಾಯ್ತೀನಿ ಅಂತ ಎಷ್ಟು ಸುಲಭವಾಗಿ ಹೇಳ್ತೀಯ. ನಿನ್ನ ಒಳಗೆ ಕರ್ಕೊಂಡು ಹೋದಾಗ ಆ ಬಾಗಿಲ ಮುಂದೆ ನಿಂತಿದ್ದೋಳು ನಾನು. ಅಪ್ಪ ಒಂದು ಮಾತಾಡಲಿಲ್ಲ. ಅಜ್ಜಿಗೆ ಏನೂ ಕೇಳಿಸ್ತಿರಲಿಲ್ಲ. ನಾನೊಬ್ಬಳೇ ಇದ್ದೆ.”

ಮೇಡಂ ಗೋಡೆಗೊರಗಿ ಕೂತಳು. “ನಿನ್ನ ಮಾತು ಸರಿ. ಬೇರೆಯವರನ್ನ ಹಾಗೇ ಕೂರಿಸೋಕಾಗಲ್ಲ,” ಎಂದಳು. ತನ್ನ ತಾಯಿ ಸೋತು ಮಾತಾಡಿದ್ದನ್ನು ಮಗಳು ಅದುವರೆಗೆ ಕೇಳಿರಲಿಲ್ಲ. ಅದು ಅವಳಿಗೆ ಹಿತವಾಗಲಿಲ್ಲ. ಮೂಗು ಒರೆಸಿಕೊಂಡು, “ಹಾಗಾದರೆ ಮೊದಲು ನನಗೆ ಕಲಿಸು,” ಎಂದಳು.

“ನಿನಗಾ? ಕಾರು ಅಂದರೇ ಮಾರು ದೂರ ಓಡ್ತಿದ್ದೆ.”

“ನಿನ್ನ ಬೈಗುಳಕ್ಕೆ ಓಡ್ತಿದ್ದೆ. ಈಗ ಕಲಿಸು. ನೀನು ಹೇಳಿದ್ದೆಲ್ಲ ರಸ್ತೆಲಿ ನನಗೆ ತಕ್ಷಣ ಅರ್ಥ ಆದರೆ, ಎಲ್ಲರಿಗೂ ನಾನೇ ಫೋನ್ ಮಾಡ್ತೀನಿ. ಆಗದಿದ್ದರೆ ಇನ್ನೂ ಕಾಯ್ತೀಯ. ಒಪ್ಪಿಗೇನಾ?”

“ಒಪ್ಪಿಗೆ. ಆದರೆ ಬೈತೀನಿ.”

“ಬೈ.”

ಖಾಲಿ ಮೈದಾನದಲ್ಲಿ ಶುರುವಾಯಿತು. ಅಳತೆ ನೋಡಿ ಸರಿಮಾಡಿದ ಪ್ಲೇಟು ಮೊದಲಿಗಿಂತ ಬಿಗಿಯಾಗಿ ಕೂತಿತ್ತು. ಆದರೂ ಉದ್ದ ಮಾತು ಆಡಿದರೆ ಸಡಿಲವಾಗುತ್ತಿತ್ತು. ಮೇಡಂ ಉದ್ದ ಮಾತನ್ನೇ ಬಿಟ್ಟಳು. ಬೇಕಾದ ಮಾತುಗಳನ್ನು ಮಾತ್ರ ಆರಿಸಿ, ಬ ಬಾರದ ಕಡೆ ಬೇರೆ ಮಾತು ಹುಡುಕಿದಳು. “ಬ್ರೇಕ್” ಬದಲು “ನಿಲ್ಲು” ಎಂದಳು. ಮಗಳು ಮೊದಲ ವಾರ ಎರಡು ಸಲ ತಪ್ಪು ಕೇಳಿಸಿಕೊಂಡಳು; ಎರಡು ಸಲವೂ ಮೇಡಂ ತನ್ನ ಕಾಲಿನಿಂದಲೇ ಕಾರು ನಿಲ್ಲಿಸಿದಳು. ಮನೆಗೆ ಬಂದು ಇಬ್ಬರೂ ಮಾತು ಬಿಟ್ಟು ಉಂಡರು. ಮಾರನೇ ದಿನ ಮತ್ತೆ ಹೊರಟರು.

ಮಾರ್ಕೆಟ್ಟಿನ ಹಿಂದಿನ ರಸ್ತೆಗೆ ಮೊದಲ ಸಲ ಹೋದ ದಿನ ಎದುರಿನಿಂದ ಸಾಮಾನಿನ ವ್ಯಾನೊಂದು ನುಗ್ಗಿ ಬಂತು. ಅದು ಏಕಮುಖ ರಸ್ತೆ. ವ್ಯಾನು ಬಂದದ್ದು ತಪ್ಪು ದಿಕ್ಕಿನಿಂದ. ಗಾಬರಿಯಾದ ಮಗಳು ಕ್ಲಚ್ಚು ಬಿಟ್ಟುಬಿಟ್ಟಳು. ಕಾರು ಜಗ್ಗಿ ಆರಿಹೋಯಿತು. ಹಿಂದೆ ಹಾರ್ನುಗಳು ಶುರುವಾದವು. ವ್ಯಾನಿನವನು ತಲೆ ಹೊರಗೆ ಹಾಕಿದ.

“ಓಡಿಸೋಕೆ ಬರ್ದಿದ್ರೆ ಮನೇಲಿರಬೇಕು!”

ಮೇಡಂ ಗಾಜಿಳಿಸಿ ಹೇಳಿದಳು. ಅವನು ಕಿವಿಯ ಹಿಂದೆ ಅಂಗೈ ಹಿಡಿದು, “ಏನು? ಏನಮ್ಮಾ?” ಎಂದ. ಆಮೇಲೆ ಪಕ್ಕದಲ್ಲಿ ಕೂತವನ ಕಡೆ ತಿರುಗಿ, ಮೂಗು ಹಿಡಿದುಕೊಂಡು ಅವಳ ಹಾಗೇ ಅಣಕಿಸಿದ.

ಮಗಳು ಸೀಟ್ ಬೆಲ್ಟು ಬಿಚ್ಚತೊಡಗಿದಳು. “ನಾನು ಇಳಿದು ಹೇಳ್ತೀನಿ ಅವನಿಗೆ!”

“ಕೂತ್ಕೋ. ಮಾತು ನನ್ನದು.”

ಮೇಡಂ ಇಳಿದಳು. ವ್ಯಾನಿನ ಕಿಟಕಿಯ ತನಕ ನಡೆದು ಹೋಗಿ, ರಸ್ತೆಯ ತುದಿಯ ಬೋರ್ಡಿನ ಕಡೆ ಕೈ ತೋರಿಸಿ, ಮತ್ತೆ ಮೊದಲಿನಿಂದ ಹೇಳಿದಳು. ನಡುವೆ ಪ್ಲೇಟು ಜಾರಿತು. ಬೆರಳು ಹಾಕಿ, ಅವನು ನೋಡುತ್ತಿದ್ದಂತೆಯೇ, ಅದನ್ನು ಒತ್ತಿ ಕೂರಿಸಿಕೊಂಡಳು. ಅವನ ನಗು ನಿಂತಿತು. ಮೂರನೇ ಸಲ ಹೇಳಿದಳು. ಹಿಂದೆ ಹಾರ್ನು ಹೊಡೆಯುತ್ತಿದ್ದವರೂ ಸುಮ್ಮನಾಗಿ ಕೇಳತೊಡಗಿದ್ದರು.

“ಗೊತ್ತಾಯ್ತು ಬಿಡಿ,” ಎಂದ ಅವನು ಅತ್ತ ನೋಡುತ್ತಾ.

“ಏನು ಗೊತ್ತಾಯ್ತು? ಹೇಳು.”

“ಅಯ್ಯೋ, ಗೊತ್ತಾಯ್ತು ಅಂದೆನಲ್ಲಮ್ಮ.”

“ನಾನೇನಂದೆ ಅಂತ ಹೇಳು.”

ಅವನು ಗಂಟಲು ಸರಿಮಾಡಿಕೊಂಡ. “ಇದು ಒನ್‌ವೇ. ನಾನು ಬಂದಿದ್ದು ತಪ್ಪು. ಹಿಂದಕ್ಕೆ ತಗೋಬೇಕು.”

“ಹೂಂ. ತಗೋ.”

ಅವಳು ನಡುರಸ್ತೆಯಲ್ಲಿ ನಿಂತು ಕೈ ಬೀಸುತ್ತಾ, “ಹಿಂದೆ... ಹಿಂದೆ... ಕನ್ನಡಿ ನೋಡು... ನಿಲ್ಲು!” ಎಂದು ಕೂಗಿದಳು. ವ್ಯಾನು ಹಿಂದೆ ಹೋಯಿತು, ನಿಲ್ಲು ಎಂದಲ್ಲಿ ನಿಂತಿತು. ಅವಳು ಬಂದು ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಏದುಸಿರು ಬರುತ್ತಿತ್ತು. ಮಗಳು ಸ್ಟೀರಿಂಗ್ ಬಿಟ್ಟು ಅವಳ ಕಡೆ ತಿರುಗಿದಳು.

“ಅಮ್ಮ...”

“ಏನು ಅಮ್ಮ? ಹಿಂದೆ ಜನ ಕಾಯ್ತಿದಾರೆ. ಕ್ಲಚ್ ಒತ್ತು.”

ಮಗಳು ಕ್ಲಚ್ ಒತ್ತಿದಳು.